ಪಾಲಿಲ್ಲದ ಪಾಲುದಾರ

'ಪಾರ್ಟ್‌ನರ್' ಎಂಬ ಪದ ನಮಗೆ ಹೊಸದಲ್ಲ. ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ಇಬ್ಬರು ಗೆಳೆಯರು ಹಣ ಕೂಡಿಸಿ ಮಂಡಿ ಇಟ್ಟರೆ ಅವರು ಪಾರ್ಟ್‌ನರುಗಳು. ವರ್ಷದ ಕೊನೆಗೆ ಲೆಕ್ಕದ ಪುಸ್ತಕ ಬಿಚ್ಚುತ್ತಾರೆ. ಲಾಭವಿದ್ದರೆ ಹಂಚಿಕೊಳ್ಳುತ್ತಾರೆ, ನಷ್ಟವಾದರೆ ಇಬ್ಬರೂ ತಲೆಯ ಮೇಲೆ ಕೈಹೊತ್ತು ಕೂರುತ್ತಾರೆ. 1932ರ ಪಾಲುದಾರಿಕೆ ಕಾಯ್ದೆಯ 4ನೇ ಕಲಮು ಕೂಡ ವ್ಯವಹಾರದ ಲಾಭ ಹಂಚಿಕೊಳ್ಳಲು ಒಪ್ಪಿದವರ ಸಂಬಂಧವನ್ನೇ ಪಾಲುದಾರಿಕೆ ಎನ್ನುತ್ತದೆ.

ಕನ್ನಡದ 'ಪಾಲುದಾರ'ನಲ್ಲಿ ಪಾಲು ಇದೆ. ಉರ್ದುವಿನ 'ಶರೀಕ್' ಇನ್ನೂ ಆಪ್ತ ಪದ. ವ್ಯಾಪಾರದಲ್ಲಿ ಜೊತೆಯಾದವನು ಶರೀಕ್, ದುಃಖದಲ್ಲಿ ಜೊತೆ ಕುಳಿತವನು ಶರೀಕೆ ಗಮ್, ಬಾಳಸಂಗಾತಿ ಶರೀಕೆ ಹಯಾತ್.

ಇಂತಹ ಪದವನ್ನು ಮೊಬೈಲ್ ಆ್ಯಪ್‌ಗಳ ಕಂಪೆನಿಗಳು ಎತ್ತಿಕೊಂಡವು. ಹೆಬ್ಬಾಳದ ಮೇಲ್ಸೇತುವೆ ದಾಟಿ ವಿಮಾನ ನಿಲ್ದಾಣದತ್ತ ಓಡುವ ಟ್ಯಾಕ್ಸಿಯವನು ಈಗ 'ಡ್ರೈವರ್ ಪಾರ್ಟ್‌ನರ್'. ಆರ್.ಟಿ. ನಗರದ ಗಲ್ಲಿಗಳಲ್ಲಿ ಬಿರಿಯಾನಿ ತಲುಪಿಸುವವನು 'ಡೆಲಿವರಿ ಪಾರ್ಟ್‌ನರ್'. ಆಳು ಎನ್ನದೆ ಪಾಲುದಾರ ಎಂದರೆ ಒಳ್ಳೆಯದೇ ಅಲ್ಲವೇ ಎಂದು ನೀವು ಕೇಳಬಹುದು.

ನಮ್ಮ ಬೀದಿಯ ಹುಡುಗನೊಬ್ಬ ಕೆಲವು ವರ್ಷಗಳ ಹಿಂದೆ ಹೀಗೆ ಪಾರ್ಟ್‌ನರ್ ಆದ. ಬೈಕು ಅವನದು, ಅದರ ಸಾಲದ ಕಂತು ಅವನದು, ಪೆಟ್ರೋಲು, ಪಂಕ್ಚರು ಎಲ್ಲವೂ ಅವನದೇ. ಒಂದು ಆರ್ಡರಿಗೆ ಎಷ್ಟು ಎಂಬುದು ಮಾತ್ರ ಕಂಪೆನಿಯ ತೀರ್ಮಾನ. ಮಳೆಗಾಲದಲ್ಲಿ ಜಾರಿ ಬಿದ್ದು ಕೈ ಮುರಿದುಕೊಂಡ. ಗುಣವಾಗಿ ಬಂದಾಗ ಅವನ ಐಡಿ ಬ್ಲಾಕ್ ಆಗಿತ್ತು. ಯಾಕೆಂದು ಕೇಳಲು ಒಂದು ಬಾಗಿಲಿರಲಿಲ್ಲ. "ಚಾಚಾ, ಮಾಲೀಕ ಅಂತ ಒಬ್ಬ ಇದ್ದಿದ್ರೆ ಹೋಗಿ ಕೇಳ್ತಿದ್ದೆ. ಈ ಪಾರ್ಟ್‌ನರನ್ನ ಎಲ್ಲಿ ಹುಡುಕ್ಲಿ?" ಎಂದ.

ಇಸ್ಲಾಮೀ ವ್ಯಾಪಾರ ನಿಯಮಗಳಲ್ಲಿ 'ಮುದಾರಬಾ' ಎಂಬ ಪದ್ಧತಿಯಿದೆ. ಒಬ್ಬನ ಬಂಡವಾಳ, ಇನ್ನೊಬ್ಬನ ದುಡಿಮೆ. ಲಾಭದಲ್ಲಿ ಯಾರಿಗೆಷ್ಟು ಎಂಬುದು ಮೊದಲೇ ನಿಗದಿಯಾಗಬೇಕು. ದುಡಿಯುವವನ ತಪ್ಪಿಲ್ಲದೆ ನಷ್ಟವಾದರೆ ಹಣ ಹೋಗುವುದು ಬಂಡವಾಳದವನದು. ದುಡಿದವನಿಗೆ ಶ್ರಮವಷ್ಟೇ ವ್ಯರ್ಥ. ನಮ್ಮ ಹುಡುಗನ ವಿಷಯದಲ್ಲಿ ಹಣವೂ ಶ್ರಮವೂ ಅವನದೇ ಹೋಯಿತು.

ಕಾನೂನು ತಡವಾಗಿಯಾದರೂ ಕಣ್ಣು ತೆರೆದಿದೆ. ಊಬರ್ ಚಾಲಕರು ಸ್ವತಂತ್ರ ಗುತ್ತಿಗೆದಾರರಲ್ಲ, ಕೆಲಸಗಾರರು ಎಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ 2021ರಲ್ಲಿ ತೀರ್ಪಿತ್ತಿತು. ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕಾಯ್ದೆ ತಂದಿತು. ಕಾರ್ಮಿಕನಿಗೆ ಕೊಡುವ ಪ್ರತಿ ಪಾವತಿಯ ಮೇಲೆ ಶೇ. 1ರಿಂದ 5ರವರೆಗೆ ಕಂಪೆನಿ ಕ್ಷೇಮನಿಧಿಗೆ ಕಟ್ಟಬೇಕು. ಕೆಲಸದಿಂದ ತೆಗೆಯುವುದಾದರೆ ಸಾಮಾನ್ಯವಾಗಿ 14 ದಿನ ಮೊದಲೇ, ಲಿಖಿತ ಕಾರಣ ಕೊಟ್ಟು ತಿಳಿಸಬೇಕು.

ಈ ಕಾಯ್ದೆ ಅವನನ್ನು ಪಾರ್ಟ್‌ನರ್ ಎನ್ನುವುದಿಲ್ಲ, ಕಾರ್ಮಿಕ ಎನ್ನುತ್ತದೆ. ಕೇಳಲು ಚಿಕ್ಕ ಪದ. ಆದರೆ ಕಾರ್ಮಿಕನಿಗೆ ಹಕ್ಕು ಕೇಳಲು ಒಂದು ಜಾಗವಿದೆ. ಲೆಕ್ಕದ ಪುಸ್ತಕ ಬಿಚ್ಚಿ ತೋರಿಸಲು ಮನಸ್ಸಿಲ್ಲದವರು 'ಪಾರ್ಟ್‌ನರ್' ಪದವನ್ನು ಮಂಡಿಯವರಿಗೇ ಬಿಟ್ಟುಕೊಡಲಿ.