ಬಫೆ ಸಾಲಿನಲ್ಲಿ ಉಪಚಾರ ಯಾರದ್ದು?

ಶಿವಮೊಗ್ಗದಿಂದ ಭದ್ರಾವತಿಗೆ ಬಿ.ಎಚ್. ರಸ್ತೆಯಲ್ಲಿ ಹದಿನೆಂಟು ಕಿಲೋಮೀಟರ್ ಆಸುಪಾಸು. ಮದುವೆ ಸೀಸನ್ನಿನಲ್ಲಿ ಸಂಜೆ ಈ ದಾರಿ ಹಿಡಿದರೆ ಲೈಟಿನ ಸರ ಹಾಕಿಕೊಂಡ ಕಲ್ಯಾಣ ಮಂಟಪಗಳು ಕಣ್ಣಿಗೆ ಬೀಳುತ್ತಲೇ ಇರುತ್ತವೆ. ಯಾವುದಕ್ಕೇ ಹೋದರೂ ವ್ಯವಸ್ಥೆ ಹೆಚ್ಚುಕಮ್ಮಿ ಒಂದೇ. ಮುಹೂರ್ತದ ದಿನ ಮಧ್ಯಾಹ್ನ ಬಾಳೆ ಎಲೆ, ಆರತಕ್ಷತೆಯ ರಾತ್ರಿ ಬಫೆ. ಅದೇ ಛತ್ರ, ಅದೇ ಅಡುಗೆಯವರು, ಅದೇ ನೆಂಟರು. ಆದರೆ ಊಟ ಮಾಡುವ ಕ್ರಮ ಮಾತ್ರ ಪೂರ್ತಿ ಬೇರೆ.

ಈ ಬಫೆ ಬಗ್ಗೆ ಎರಡೂ ಊರಲ್ಲಿ ಅಭಿಪ್ರಾಯ ಇಲ್ಲದವರೇ ಇಲ್ಲ. "ಭಿಕ್ಷೆ ಬೇಡೋ ಥರ ತಟ್ಟೆ ಹಿಡಿದು ನಿಲ್ಲಬೇಕಲ್ಲ ಮಾರಾಯ" ಅನ್ನುವ ಚಿಕ್ಕಪ್ಪಂದಿರಿದ್ದಾರೆ. "ನಮಗೆ ಬೇಕಾದ್ದು ಬೇಕಾದಷ್ಟು ಹಾಕ್ಕೊಂಡು ಹತ್ತು ನಿಮಿಷದಲ್ಲಿ ಮುಗಿಸಬಹುದು" ಅನ್ನುವ ನಮ್ಮ ವಯಸ್ಸಿನವರಿದ್ದೇವೆ. ಇಬ್ಬರದ್ದೂ ಪೂರ್ತಿ ಸುಳ್ಳಲ್ಲ. ಆದರೆ ಈ ಜಗಳದ ನಡುವೆ ಒಂದು ಪ್ರಶ್ನೆ ಕಳೆದುಹೋಗುತ್ತದೆ. ಪಂಕ್ತಿಯಲ್ಲಿ ನಮ್ಮನ್ನು ನೋಡಿಕೊಳ್ಳಲು ಬಡಿಸುವವರು ಇರುತ್ತಿದ್ದರು. ಬಫೆಯಲ್ಲಿ ಆ ಕೆಲಸ ಯಾರದ್ದು?

ಲೆಕ್ಕ ಹಾಕಿದರೆ ಬಫೆಯೇ ಗೆಲ್ಲುತ್ತದೆ

ಮೊದಲು ಬಫೆ ಯಾಕೆ ಬಂತು ಅಂತ ನೋಡೋಣ. ಫ್ಯಾಷನ್ ಅನ್ನೋದು ಅರ್ಧ ಉತ್ತರ, ಉಳಿದರ್ಧ ಗಡಿಯಾರ. ಒಂದು ಆರತಕ್ಷತೆಗೆ 800 ಜನ ಅಂದುಕೊಳ್ಳಿ. ಊಟದ ಹಾಲ್‌ನಲ್ಲಿ 200 ಎಲೆ ಹಾಕಬಹುದು, ಬಡಿಸಿ, ಉಂಡು, ಎಲೆ ತೆಗೆದು, ಟೇಬಲ್ ಒರೆಸಿ ಮತ್ತೆ ಹಾಕುವುದಕ್ಕೆ 40 ನಿಮಿಷ ಹಿಡಿದರೆ ನಾಲ್ಕು ಪಂಕ್ತಿಗೆ 2 ಗಂಟೆ 40 ನಿಮಿಷ. ಕೊನೆಯ ಪಂಕ್ತಿಯವರು ಏಳುವ ಹೊತ್ತಿಗೆ ಊರಿನ ಬಸ್ಸು ತಪ್ಪಿರುತ್ತದೆ.

ಈಗ ಬಫೆ. ಒಬ್ಬರು ಸಾಲಿನಲ್ಲಿ ಮುಂದೆ ಸರಿಯಲು 20 ಸೆಕೆಂಡ್ ಅಂದರೂ ಒಂದು ಸಾಲಿಗೆ ನಿಮಿಷಕ್ಕೆ ಮೂವರು, ಗಂಟೆಗೆ 180 ಜನ. ಟೇಬಲನ್ನು ಗೋಡೆಗೆ ಒತ್ತಿ ಒಂದೇ ಸಾಲು ಮಾಡಿದರೆ 800 ಜನಕ್ಕೆ ನಾಲ್ಕೂವರೆ ಗಂಟೆ, ಪಂಕ್ತಿಗಿಂತ ಕಡೆ! ಅದೇ ಎರಡು ಟೇಬಲ್ ನಡುವೆ ಇಟ್ಟು, ಎರಡೂ ಕಡೆಯಿಂದ ಬಡಿಸಿಕೊಳ್ಳಲು ಬಿಟ್ಟರೆ ನಾಲ್ಕು ಸಾಲು. ಗಂಟೆಗೆ 720 ಜನ. ಅಂದರೆ ಬಫೆ ಅನುಕೂಲ ಆಗೋದೂ ಅನನುಕೂಲ ಆಗೋದೂ ಟೇಬಲ್ ಎಲ್ಲಿಟ್ಟರು ಅನ್ನೋದರ ಮೇಲೆ.

ಇನ್ನೊಂದು ಗಮನಿಸಿ. ಸಾಲಿನ ವೇಗವನ್ನು ತೀರ್ಮಾನಿಸೋದು ಅತಿ ನಿಧಾನದ ಐಟಂ. ಐಟಿಯವರು ಇದಕ್ಕೆ ಬಾಟಲ್‌ನೆಕ್ ಅಂತೀವಿ, ಅಡುಗೆಯವರಿಗೆ ಹೆಸರು ಗೊತ್ತಿಲ್ಲದಿದ್ದರೂ ವಿಷಯ ಚೆನ್ನಾಗಿ ಗೊತ್ತು. ಬಿಸಿ ನೀರುದೋಸೆ, ತುಪ್ಪ ಹಾಕಿ ಕೊಡುವ ಹೋಳಿಗೆ, ಕಾಯಿಹಾಲಿನ ಜತೆ ಒತ್ತು ಶ್ಯಾವಿಗೆ, ಇವನ್ನು ಅನ್ನ ಸಾರಿನ ಸಾಲಿನ ಮಧ್ಯೆ ಇಟ್ಟರೆ ಹಿಂದಿನವರೆಲ್ಲ ನಿಂತಲ್ಲೇ ನಿಲ್ಲುತ್ತಾರೆ. ಜಾಣ ಕೇಟರಿಂಗ್‌ನವರು ಇವಕ್ಕೆ ಮೂಲೆಯಲ್ಲಿ ಬೇರೆ ಜಾಗ ಮಾಡುತ್ತಾರೆ.

ಭದ್ರಾವತಿಗೆ ಸಾಲು ಹೊಸತಲ್ಲ

"ನಮ್ಮ ಕಡೆಯವರಿಗೆ ಈ ತಟ್ಟೆ ಹಿಡಿದು ನಿಲ್ಲೋ ಪದ್ಧತಿ ಒಗ್ಗಲ್ಲ" ಅಂತ ಯಾರಾದರೂ ಹೇಳಿದರೆ ಭದ್ರಾವತಿಯ ಹಿರಿಯರು ನಗುತ್ತಾರೆ. ಬೆಂಕಿಪುರ ಅಂತಿದ್ದ ಈ ಊರು ಬೆಳೆದದ್ದೇ ಕಾರ್ಖಾನೆಗಳ ಸುತ್ತ. 1923ರಲ್ಲಿ ಉತ್ಪಾದನೆ ಶುರುಮಾಡಿದ ಕಬ್ಬಿಣದ ಕಾರ್ಖಾನೆ, ಅಂದರೆ ಇವತ್ತಿನ ವಿಐಎಸ್ಎಲ್, ಆಮೇಲೆ 1936ರಲ್ಲಿ ಸ್ಥಾಪನೆಯಾದ ಮೈಸೂರು ಪೇಪರ್ ಮಿಲ್ಸ್. ಕೆಲಸಕ್ಕೆ ಬಂದವರಲ್ಲಿ ಕನ್ನಡದವರ ಜತೆ ತಮಿಳರು, ತೆಲುಗರು, ಮಲಯಾಳಿಗಳು, ಉರ್ದು ಮಾತಾಡುವವರು ಎಲ್ಲರೂ ಇದ್ದರು. 250ಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗಳಲ್ಲಿ ಕ್ಯಾಂಟೀನ್ ಇರಬೇಕೆಂದು ಸರ್ಕಾರ ನಿಯಮ ಮಾಡಲು 1948ರ ಕಾರ್ಖಾನೆ ಕಾಯ್ದೆಯಲ್ಲೇ ಅವಕಾಶವಿತ್ತು. ಕ್ಯಾಂಟೀನ್ ಅಂದರೆ ಸಾಲು, ತಟ್ಟೆ, ಸೌಟು.

ನಮ್ಮ ದೊಡ್ಡಪ್ಪ ಶಿಫ್ಟ್ ಕೆಲಸದಲ್ಲೇ ಆಯಸ್ಸು ಕಳೆದವರು. ಬಫೆ ಬಗ್ಗೆ ನೆಂಟರು ಗೊಣಗಿದಾಗಲೆಲ್ಲ ಅವರದು ಒಂದೇ ಮಾತು: "ಕ್ಯಾಂಟೀನ್‌ನಲ್ಲಿ ತಟ್ಟೆ ಹಿಡ್ಕೊಂಡು ನಿಂತೋನಿಗೆ ಜಾತಿ ಇರ್ಲಿಲ್ಲ ಕಣೋ, ಟೋಕನ್ ಇತ್ತು."

ಈ ಮಾತು ಸುಮ್ಮನೆ ಬಿಡುವಂಥದ್ದಲ್ಲ. ಪಂಕ್ತಿ ಊಟವನ್ನು ನೆನೆದು ಕಣ್ಣು ತುಂಬಿಸಿಕೊಳ್ಳುವಾಗ ಪಂಕ್ತಿಭೇದ ಅನ್ನುವ ಪದ ಕೂಡ ನಮ್ಮ ಭಾಷೆಯಲ್ಲೇ ಬಳಕೆಯಾಗಿದ್ದು ಅನ್ನೋದನ್ನು ಮರೆಯಬಾರದು. ಯಾರು ಮೊದಲನೇ ಪಂಕ್ತಿ, ಯಾರು ಕೊನೆಗೆ, ಯಾರಿಗೆ ಒಳಗೆ, ಯಾರಿಗೆ ಹೊರಗೆ ಚಪ್ಪರದಲ್ಲಿ ಅನ್ನೋದನ್ನು ಹಸಿವು ತೀರ್ಮಾನಿಸುತ್ತಿರಲಿಲ್ಲ. ಮನೆಯ ಹೆಂಗಸರಂತೂ ಬಡಿಸಿ ಬಡಿಸಿ, ಎಲ್ಲರದ್ದೂ ಆದ ಮೇಲೆ ತಣ್ಣಗಾದ ಸಾರಿಗೆ ಕೂರುತ್ತಿದ್ದರು. ಅಲ್ಲಮ, ಅಕ್ಕ ಹುಟ್ಟಿದ ನೆಲ ಅಂತ ಬಳ್ಳಿಗಾವಿ, ಉಡುತಡಿಯ ಹೆಸರು ಹೇಳಿ ಹೆಮ್ಮೆ ಪಡುವ ಜಿಲ್ಲೆ ನಮ್ಮದು. ಅಂಥ ಜಿಲ್ಲೆಯಲ್ಲೂ ಒಟ್ಟಿಗೆ ಕೂತು ಉಣ್ಣೋದು ಸಲೀಸಾಗಿ ಬಂದಿದ್ದಲ್ಲ. ಬಫೆ ಸಾಲಿನಲ್ಲಿ ನಿಮ್ಮ ಮುಂದೆ ಯಾರು, ಹಿಂದೆ ಯಾರು ಅಂತ ಯಾರೂ ಕೇಳಲ್ಲ. ಇದು ಸಣ್ಣ ಲಾಭವಲ್ಲ.

ಹಾಗಾದರೆ ಕಳಕೊಂಡಿದ್ದೇನು?

ಕಳಕೊಂಡಿದ್ದು ಉಪಚಾರ. "ಇನ್ನೊಂದು ಹೋಳಿಗೆ ಹಾಕ್ಲಾ?" "ಅನ್ನ ಸಾಕಾ?" "ಮಜ್ಜಿಗೆ ಯಾರಿಗೆ?" ಅಂತ ಎಲೆಯ ಮುಂದೆ ಬಗ್ಗಿ ಕೇಳುವವರು. ಬೇಡ ಅಂದರೂ ಬಡಿಸಿ ಎಲೆಯಲ್ಲಿ ಬಿಡಿಸುವ ಒತ್ತಾಯದ ಉಪಚಾರವೂ ಇತ್ತು, ನಿಜ. ಆದರೆ ಅದರಿಂದ ಒಂದು ಕೆಲಸ ಆಗುತ್ತಿತ್ತು. ಯಾರು ಉಂಡರು, ಯಾರು ಉಣ್ಣಲಿಲ್ಲ ಅನ್ನೋದು ಯಾರಾದರೊಬ್ಬರಿಗೆ ಗೊತ್ತಿರುತ್ತಿತ್ತು.

ಬಫೆಯಲ್ಲಿ ಅದು ಯಾರಿಗೂ ಗೊತ್ತಾಗಲ್ಲ. ಯಾವುದಾದರೂ ಆರತಕ್ಷತೆಯಲ್ಲಿ ಸುಮ್ಮನೆ ಹತ್ತು ನಿಮಿಷ ಗೋಡೆ ಬದಿಯ ಕುರ್ಚಿಗಳನ್ನು ನೋಡಿ. ಮಂಡಿ ನೋವಿನ ಅಜ್ಜಿ, ಕಂಕುಳಲ್ಲಿ ಕೂಸಿರುವ ಬಾಣಂತಿ, ಒಂದು ಕೈಯಲ್ಲಿ ಊರುಗೋಲು ಹಿಡಿದ ತಾತ. ತಟ್ಟೆಗೆ ಒಂದು ಕೈ, ಸೌಟಿಗೆ ಒಂದು ಕೈ ಬೇಕಾದ ಊಟದಲ್ಲಿ ಇವರಿಗೆ ಮೂರನೇ ಕೈ ಎಲ್ಲಿಂದ ಬರಬೇಕು? ಮಗನೋ ಸೊಸೆಯೋ ತಂದುಕೊಟ್ಟರೆ ಸರಿ. ಇಲ್ಲದಿದ್ದರೆ ಒಂದು ಐಸ್‌ಕ್ರೀಂ ತಿಂದು, "ಹಸಿವಿಲ್ಲಮ್ಮ, ಮನೇಲೇ ಆಯ್ತು" ಅಂದು ಎದ್ದು ಹೋಗುತ್ತಾರೆ. ಮದುವೆ ಮನೆಯವರಿಗೆ ಗೊತ್ತೂ ಆಗಲ್ಲ. ನಮ್ಮ ಕಡೆ ಮನೆಗೆ ಬಂದವರು ಉಣ್ಣದೆ ಹೋದರೆ ಅದಕ್ಕಿಂತ ದೊಡ್ಡ ಲೋಪ ಇಲ್ಲ. ಸಾವಿರ ಪ್ಲೇಟ್ ಲೆಕ್ಕ ಕೊಟ್ಟ ರಾತ್ರಿಯೇ ಆ ಲೋಪ ಸದ್ದಿಲ್ಲದೆ ನಡೆದುಹೋಗಿರುತ್ತದೆ.

ಲಕ್ಕವಳ್ಳಿಯ ದೋಣಿ, ಸಮುದ್ರದ ಹಡಗು

ಬಫೆಯನ್ನು ಅಚ್ಚುಕಟ್ಟಾಗಿ ಮಾಡೋಕೆ ಆಗಲ್ಲವಾ? ಆಗುತ್ತೆ. ಭದ್ರಾವತಿಯಿಂದ ಬಿಆರ್‌ಪಿ ದಾಟಿ ಇಪ್ಪತ್ತು ಕಿಲೋಮೀಟರ್ ಚಿಲ್ಲರೆ ಹೋದರೆ ಲಕ್ಕವಳ್ಳಿ. ಭದ್ರಾ ಹಿನ್ನೀರಿನ ದಡದಲ್ಲಿ ಜಂಗಲ್ ಲಾಡ್ಜಸ್‌ನವರ ರಿವರ್ ಟರ್ನ್ ಲಾಡ್ಜ್ ಇದೆ. ದೋಣಿ ಸಫಾರಿಗೆ ಹೋಗಿ, ಬೇಸಿಗೆಯಲ್ಲಿ ನಡುಗಡ್ಡೆಗಳ ಮೇಲೆ ಮೊಟ್ಟೆಯಿಡುವ ರೀವ ಹಕ್ಕಿಗಳನ್ನು ನೋಡಿ ಬಂದವರಿಗೆ ಗೋಲ್ ಘರ್ ಅನ್ನುವ ಊಟದ ಮನೆಯಲ್ಲಿ ಬಫೆ. ನೀರು, ದೋಣಿ, ನಿಗದಿತ ಹೊತ್ತಿನ ಊಟ. ನಮ್ಮ ಜಿಲ್ಲೆಯವರಿಗೆ ಹತ್ತಿರದ ಕ್ರೂಸ್ ಅಂದರೆ ಇದೇ ಅನ್ನಬಹುದು! ಅಲ್ಲಿ ಊಟ ಸಲೀಸಾಗೋದಕ್ಕೆ ಕಾರಣ ಸರಳ. ಜನ ಎಷ್ಟು ಅಂತ ಮೊದಲೇ ಗೊತ್ತು, ಎಲ್ಲರಿಗೂ ಕುರ್ಚಿ ಇದೆ. ಬಫೆ ಅಂದರೆ ತಾವೇ ಬಡಿಸಿಕೊಳ್ಳೋದು, ಅಷ್ಟೇ. ನಿಂತು ತಿನ್ನಬೇಕು ಅಂತ ಎಲ್ಲೂ ಬರೆದಿಲ್ಲ. ಕುರ್ಚಿ ಉಳಿಸೋಕೆ ಹೋಗಿ ಅದನ್ನು ನಿಂತು ತಿನ್ನುವ ಊಟ ಮಾಡಿಕೊಂಡವರು ನಾವು.

ನಿಜವಾದ ಹಡಗಿನ ಕತೆಯೂ ಕೇಳಿದ್ದೇನೆ. ಶಿವಮೊಗ್ಗದ ಗೆಳೆಯನೊಬ್ಬ ಅಪ್ಪ ಅಮ್ಮನನ್ನು ಮುಂಬೈಯಿಂದ ಕ್ರೂಸ್‌ಗೆ ಕಳಿಸಿದ್ದ. ವಾಪಸ್ ಬಂದ ಮೇಲೆ ಅಪ್ಪ ಹೇಳಿದ್ದು: "ಯಾರೂ ಒತ್ತಾಯ ಮಾಡ್ಲಿಲ್ಲ, ಶುಗರ್ ಕಂಟ್ರೋಲ್‌ನಲ್ಲಿತ್ತು." ಅಮ್ಮ ಹೇಳಿದ್ದು: "ಅಷ್ಟು ದಿನ ಒಬ್ರೂ ಊಟ ಆಯ್ತಾ ಅಂತ ಕೇಳ್ಲಿಲ್ಲ." ಒಂದೇ ಹಡಗು, ಒಂದೇ ಬಫೆ. ಇಡೀ ಚರ್ಚೆಯನ್ನು ಇವರಿಬ್ಬರು ಎರಡು ಸಾಲಲ್ಲಿ ಮುಗಿಸಿದರು.

ಹಡಗುಗಳು ಬಫೆಯ ಅಪಾಯವನ್ನೂ ಕಲಿತಿವೆ. ಸಾವಿರಾರು ಜನ ಒಂದೇ ಸೌಟು ಮುಟ್ಟುವ ಜಾಗದಲ್ಲಿ ವಾಂತಿ ಭೇದಿ ತರುವ ನೊರೊವೈರಸ್ ಬಲುಬೇಗ ಹರಡುತ್ತದೆ. ಅಮೆರಿಕದ ಸಿಡಿಸಿ 1970ರ ದಶಕದಿಂದಲೇ ಕ್ರೂಸ್ ಹಡಗುಗಳ ಸ್ವಚ್ಛತೆಯ ತಪಾಸಣೆ ಮಾಡುತ್ತಿದೆ. ಸ್ಯಾನಿಟೈಸರ್ ಈ ವೈರಸ್ಸಿಗೆ ಅಷ್ಟಾಗಿ ಬಗ್ಗಲ್ಲ, ಸೋಪು ನೀರೇ ಬೇಕು. ಅದಕ್ಕೇ ಎಷ್ಟೋ ಹಡಗುಗಳಲ್ಲಿ ಬಫೆಯ ಬಾಗಿಲಲ್ಲೇ ಕೈ ತೊಳೆಯುವ ವ್ಯವಸ್ಥೆ ಇದೆ. ನಮ್ಮ ಛತ್ರಗಳಲ್ಲಿ ನೋಡಿ, ಕೈ ತೊಳೆಯುವ ನಲ್ಲಿ ಇರೋದು ಊಟ ಮುಗಿದ ಮೇಲೆ ಹೋಗುವ ಕಡೆ. ಎಲೆ ಊಟಕ್ಕೆ ಅದು ನಡೆಯುತ್ತಿತ್ತು, ಯಾಕೆಂದರೆ ಸೌಟು ಬಡಿಸುವವರ ಕೈಯಲ್ಲಿರುತ್ತಿತ್ತು. ಈಗ ಸೌಟು 800 ಕೈ ದಾಟುತ್ತದೆ, ನಲ್ಲಿ ಮಾತ್ರ ಹಳೇ ಜಾಗದಲ್ಲೇ ಇದೆ.

ಬಡಿಸುವವರ ಬುದ್ಧಿ ನಮಗೂ ಬೇಕು

ಬಫೆ ಶಿಷ್ಟಾಚಾರ ಅಂದರೆ ಫೋರ್ಕು, ಚಾಕು ಹಿಡಿಯೋದಲ್ಲ. ಬಡಿಸುವವರು ಮಾಡುತ್ತಿದ್ದ ಕೆಲಸವನ್ನು ನಾವು ಹಂಚಿಕೊಳ್ಳೋದು. ಅವರು ಎಲೆಯ ಸಾಲು ನೋಡಿ ಅಳತೆಯಲ್ಲಿ ಬಡಿಸುತ್ತಿದ್ದರು, ನಾವೂ ಹಿಂದಿನ ಸಾಲು ನೋಡಿ ಹಾಕಿಕೊಳ್ಳಬೇಕು. ಪಲ್ಯದ ಸೌಟನ್ನು ಪಾಯಸಕ್ಕೆ ಅದ್ದಬಾರದು. ಎಂಜಲು ತಟ್ಟೆ ಹಿಡಿದು ಎರಡನೇ ಸಲ ಬಂದಾಗ ಸೌಟು ತಟ್ಟೆಗೆ ತಾಗಬಾರದು. ಎಂಜಲು ಅನ್ನೋದನ್ನು ನಮಗೆ ಯಾವ ಹಡಗಿನವರೂ ಕಲಿಸಬೇಕಿಲ್ಲ, ಅಜ್ಜಿ ಕಲಿಸಿದ್ದು ಸಾಕು.

ಮತ್ತೆ ವ್ಯರ್ಥದ ಮಾತು. ಒಂದು ದಶಕದ ಹಿಂದೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ತಂಡ ರಾಜಧಾನಿಯ 75 ಕಲ್ಯಾಣ ಮಂಟಪಗಳಲ್ಲಿ ಸಮೀಕ್ಷೆ ಮಾಡಿ, ನಗರದ ಮದುವೆಗಳಲ್ಲಿ ವರ್ಷಕ್ಕೆ 943 ಟನ್ ಊಟ ಹಾಳಾಗುತ್ತದೆ ಅಂತ ಲೆಕ್ಕ ಹಾಕಿತ್ತು. ಎಲೆಯಲ್ಲಿ ಬಿಟ್ಟದ್ದಕ್ಕೆ "ಅವರೇ ಹಾಕಿದ್ರು" ಅನ್ನಬಹುದಿತ್ತು. ಬಫೆ ತಟ್ಟೆಯಲ್ಲಿ ಬಿಟ್ಟದ್ದಕ್ಕೆ ಹೇಳೋಕೆ ನೆಪವೇ ಇಲ್ಲ. ಇನ್ನೊಮ್ಮೆ ಸಾಲಲ್ಲಿ ನಿಲ್ಲೋಕೆ ಬೇಜಾರು ಅಂತ ಒಂದೇ ಸಲ ಗುಡ್ಡೆ ಹಾಕಿಕೊಳ್ಳುವುದೇ ಇದಕ್ಕೆಲ್ಲ ಮೂಲ. ಸಾಲು ಚಿಕ್ಕದಾದರೆ ಗುಡ್ಡೆಯೂ ಚಿಕ್ಕದಾಗುತ್ತೆ.

ಮದುವೆ ಮನೆಯವರ ಪಾಲಿನದ್ದೂ ಇದೆ, ಅದಕ್ಕೆ ಹೆಚ್ಚು ಖರ್ಚೂ ಇಲ್ಲ. ಈಚೆಗೆ ಭದ್ರಾವತಿಯ ಹಳೇನಗರದ ನೆಂಟರ ಮದುವೆಯೊಂದರಲ್ಲಿ ಬಫೆ ಪಕ್ಕದಲ್ಲೇ ಮೂರು ಉದ್ದ ಟೇಬಲ್ ಹಾಕಿ, ಎಲೆ ಇಟ್ಟು, ಬಡಿಸೋಕೆ ಇಬ್ಬರನ್ನು ನಿಲ್ಲಿಸಿದ್ದರು. ಬೋರ್ಡು ಗೀರ್ಡು ಏನಿಲ್ಲ. ಹುಡುಗಿಯ ಸೋದರಮಾವ ಗೋಡೆ ಬದಿ ಕುರ್ಚಿಯಲ್ಲಿದ್ದವರ ಹತ್ತಿರ ಹೋಗಿ, "ಅತ್ತೆ, ಬನ್ನಿ, ನಿಮ್ಗೆ ಅಲ್ಲಿ ಎಲೆ ಹಾಕ್ಸಿದೀನಿ" ಅಂತ ಒಬ್ಬೊಬ್ಬರನ್ನೇ ಎಬ್ಬಿಸುತ್ತಿದ್ದರು. ಮೂವತ್ತು ನಲವತ್ತು ಎಲೆ ಸಾಕಾಯಿತು. ಉಳಿದ ನೂರಾರು ಜನ ಬಫೆಯಲ್ಲಿ ಬೇಗ ಮುಗಿಸಿದರು. ಅಲ್ಲಿ ಬಫೆಯವರೂ ಗೊಣಗಲಿಲ್ಲ, ಎಲೆಯವರೂ ಗೊಣಗಲಿಲ್ಲ.

ಅಲ್ಲಿ ಪಂಕ್ತಿಗೆ ಕೂರಿಸಿದ್ದು ಜಾತಿ ನೋಡಿ ಅಲ್ಲ, ಅಂತಸ್ತು ನೋಡಿಯೂ ಅಲ್ಲ, ಮಂಡಿ ನೋಡಿ. ಹಳೇ ಪಂಕ್ತಿಯಿಂದ ಬಿಡಬೇಕಾದ್ದನ್ನು ಬಿಟ್ಟು ಇಟ್ಟುಕೊಳ್ಳಬೇಕಾದ್ದನ್ನು ಇಟ್ಟುಕೊಳ್ಳೋದು ಅಂದರೆ ಇಷ್ಟೇ ಇರಬೇಕು.

ಮುಂದಿನ ಆರತಕ್ಷತೆಯಲ್ಲಿ ನಿಮ್ಮ ತಟ್ಟೆ ಎತ್ತಿಕೊಳ್ಳುವ ಮೊದಲು ಕುರ್ಚಿಗಳ ಕಡೆ ಒಮ್ಮೆ ನೋಡಿ. ಗುರುತಿನವರೇ ಆಗಬೇಕಿಲ್ಲ. "ಊಟ ಆಯ್ತಾ? ನಿಮಗೊಂದು ತಟ್ಟೆ ತರ್ಲಾ?" ಅಂತ ಕೇಳಿದರೆ ಸಾಕು.