ವ್ಯಾಸಪೀಠದ ಮೆರುಗು

ಜಡವೆಂದು ತೋರುವ ರಬ್ಬರು, ಪ್ಲಾಸ್ಟಿಕ್ಕುಗಳು ಮರದ ಮೆರುಗಿನ ಮೇಲೆ ಸುಮ್ಮನೆ ಕೂರುವುದಿಲ್ಲ. ಪಿವಿಸಿಯನ್ನು ಮೆದುವಾಗಿಸಲು ಬೆರೆಸಿದ ದ್ರವ್ಯವು ಮೆಲ್ಲನೆ ಹೊರಬಂದು ಮೆರುಗನ್ನು ಅಂಟಂಟಾಗಿಸಬಲ್ಲದು. ರಬ್ಬರಿನಲ್ಲಿರುವ ರಾಸಾಯನಿಕಗಳು ಕಲೆಯನ್ನು ಉಳಿಸಬಲ್ಲವು. ಅದು ಒರೆಸಿದರೆ ಹೋಗುವ ಕೊಳೆಯಲ್ಲ. ಹಲವೊಮ್ಮೆ ಹಳೆಯ ಮೆರುಗನ್ನೇ ಕೆರೆದು ಹೊಸದಾಗಿ ಹಚ್ಚಬೇಕಾಗುತ್ತದೆ.

ನಮ್ಮ ಮನೆಯ ವ್ಯಾಸಪೀಠಕ್ಕೆ ಅರಗಿನ ಮೆರುಗಿದೆ. ಓದುತ್ತಿದ್ದ ಅಜ್ಜನವರ ಅಂಗೈ ತಾಗಿ ತಾಗಿ ಅದು ಅಂಚಿನಲ್ಲಿ ಮಸುಕಾಗಿದೆ. ಗ್ರಂಥ ಜಾರದಿರಲೆಂದು ಬಂಧುವೊಬ್ಬರು ರಬ್ಬರಿನ ಹಾಸು ತಂದಾಗ ಅದನ್ನು ಬದಿಗಿರಿಸಿ, ಬಣ್ಣ ಬಿಡದ ಹತ್ತಿಬಟ್ಟೆಯನ್ನು ಹಾಸಿದೆನು. ಓಲೆಗರಿಯ ಕಟ್ಟುಗಳನ್ನು ಹಿರಿಯರು ಸುತ್ತಿಡುತ್ತಿದ್ದುದೂ ಬಟ್ಟೆಯಲ್ಲಿಯೇ.

ಹಸ್ತಪ್ರತಿಯ ಅಂಚಿನ ಟಿಪ್ಪಣಿಯಂತೆ ಪೀಠದ ಆ ಮಸುಕೂ ಓದಿನ ದಾಖಲೆಯೇ ಸರಿ. ಕೆರೆದ ಮೆರುಗನ್ನು ಮತ್ತೆ ಹಚ್ಚಬಹುದು. ಓದಿದವರ ಕೈಗುರುತನ್ನು ಮರಳಿ ತರಲಾಗದು.