ಅಮ್ಮನ ಶನಿವಾರ

ಶಿವಮೊಗ್ಗದ ಕೋಟೆಯ ನಮ್ಮ ಓಣಿಯಿಂದ ಆಂಜನೇಯನ ಗುಡಿಗೆ ನನ್ನ ನಡಿಗೆಯಲ್ಲಿ ಆರು ನಿಮಿಷದ ಹಾದಿ. ಅಮ್ಮನ ನಡಿಗೆಯಲ್ಲಿ ಎಷ್ಟು ನಿಮಿಷವೆಂಬುದನ್ನು ಮೊನ್ನೆಮೊನ್ನೆಯವರೆಗೂ ನಾನು ಯೋಚಿಸಿರಲಿಲ್ಲ. ಪ್ರತಿ ಶನಿವಾರ ಸಂಜೆ ಹಣ್ಣುಕಾಯಿಯ ಚೀಲ ಹಿಡಿದು, ಕೋಲೂರಿಕೊಂಡು ಹೊರಡುತ್ತಾಳೆ. ಒಂದು ಗಂಟೆಯ ಮೇಲೆ ಬಂದು ಎಲ್ಲರ ಕೈಗೂ ಪ್ರಸಾದ ಹಾಕಿ, ಅಂದು ಬೆಣ್ಣೆಯ ಅಲಂಕಾರವಿತ್ತೋ ವೀಳ್ಯದೆಲೆಯ ಹಾರವಿತ್ತೋ ವರ್ಣಿಸುತ್ತಾಳೆ. ಇದು ನಮ್ಮ ಮನೆಯ ಪಂಚಾಂಗದಲ್ಲಿ ಸೇರಿಹೋದ ಸಂಗತಿ.

ಅಮ್ಮನಿಗೀಗ ಎಪ್ಪತ್ತೊಂದು. ಎರಡು ಮಂಡಿಗಳೂ ಸವೆದಿವೆ, ಬಲಗಡೆಯದು ಹೆಚ್ಚು. ಬೆಳಿಗ್ಗೆ ಎದ್ದ ಕೂಡಲೇ ಕಾಲು ಮರದ ಕೊರಡು. ಮಂಚದ ಅಂಚಿನಲ್ಲಿ ಕುಳಿತು, ಮಂಡಿಗಳನ್ನು ಮಕ್ಕಳ ತಲೆ ಸವರುವಂತೆ ಸವರುತ್ತಾಳೆ. ಅರ್ಧ ಗಂಟೆಯೊಳಗೆ ಬಿಗಿತ ಸಡಿಲುತ್ತದೆ. ಆಮೇಲೆ ಗೋಡೆಯೊಡನೆ ಸ್ನೇಹ. ಮಂಚದಿಂದ ಬಚ್ಚಲವರೆಗೆ ಗೋಡೆಯುದ್ದಕ್ಕೂ, ಒಂದೇ ಎತ್ತರದಲ್ಲಿ, ಅವಳ ಅಂಗೈಯ ಜಿಡ್ಡಿನ ಗೆರೆ ಬಿದ್ದಿದೆ. ಬೇಸಿಗೆ ರಜೆಯಲ್ಲಿ ಬಣ್ಣ ಹೊಡೆಸಿದೆ; ಗೌರಿಹಬ್ಬದ ಹೊತ್ತಿಗೆ ಗೆರೆ ಮತ್ತೆ ಅಲ್ಲಿಯೇ ಇತ್ತು. ಈಳಿಗೆಮಣೆಯ ಮುಂದೆ ನೆಲದಲ್ಲಿ ಕೂರಲಾರಳು. ನನ್ನ ಹೆಂಡತಿ ಮೇಜಿನ ಮೇಲೆ ಚಾಕು ಇಟ್ಟುಕೊಟ್ಟರೆ, ಚಾಕುವಿನಲ್ಲಿ ಹೆಚ್ಚಿದ ಹುರುಳೀಕಾಯಿಗೆ ರುಚಿಯಿಲ್ಲವೆಂದು ಅವಳ ತಕರಾರು. ಅದು ಹುರುಳೀಕಾಯಿಯ ಮೇಲಿನ ತಕರಾರಲ್ಲವೆಂದು ಸೊಸೆಗೆ ಆಗಲೇ ತಿಳಿದಿತ್ತು, ಎಂ.ಎ. ಮಾಡಿದ ನನಗೆ ತಿಳಿಯಲಿಲ್ಲ.

ಕಳೆದ ವರ್ಷ ಬಚ್ಚಲಲ್ಲಿ ಒಮ್ಮೆ ಜಾರಿದಳು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಅಂದಿನಿಂದ ಮನೆಯಲ್ಲಿ ನನ್ನ ನಿಷೇಧಾಜ್ಞೆಗಳು ಹೊರಡತೊಡಗಿದವು. ಮಾಳಿಗೆಗೆ ಹತ್ತಬಾರದು, ಬಚ್ಚಲ ಅಗುಳಿ ಹಾಕಬಾರದು. ಎರಡು ವರ್ಷಕ್ಕೊಮ್ಮೆ ಬರುವ ಕೋಟೆ ಮಾರಿಕಾಂಬೆಯ ಜಾತ್ರೆಯ ಸಾಲಿನಲ್ಲಿ ನಿಲ್ಲಬಾರದು. ಮಳೆಗಾಲದಲ್ಲಿ ತುಂಗೆ ಉಕ್ಕಿ ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ ಮುಳುಗಿತೆಂದರೆ ಊರಿಗೆ ಊರೇ ನೋಡಲು ಹೋಗುತ್ತದೆ. ಒಂದು ವರ್ಷವೂ ತಪ್ಪಿಸದಿದ್ದ ಅಮ್ಮನಿಗೆ ಅದೂ ಬೇಡವೆಂದೆ. ಮೋಡ ಕವಿದರೆ ನೋವು ಹೆಚ್ಚೆಂದು ಅವಳೇ ಹೇಳಿದ್ದಳಲ್ಲ! (ತೇವ ಹೆಚ್ಚಿ ವಾಯುಭಾರ ಕುಸಿದ ದಿನಗಳಲ್ಲಿ ನೋವು ತುಸು ಹೆಚ್ಚುವುದೆಂದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ್ದಾರೆ. ಓದಿ ಹೇಳಿದಾಗ, "ಅದಕ್ಕೆ ವಿಶ್ವವಿದ್ಯಾಲಯ ಬೇಕಾಯಿತೇನೋ?" ಎಂದಳು.) ಬರಬರುತ್ತಾ ಅಮ್ಮ ನೋವಿನ ಮಾತನ್ನೇ ನಿಲ್ಲಿಸಿದಳು. ಕೇಳಿದರೆ, "ಈಗ ವಾಸಿ ಕಣೋ." ನಾನು ಸಂತೋಷಪಟ್ಟೆ.

ಒಂದು ಶನಿವಾರ ಕಾಲೇಜಿನಿಂದ ಬೇಗ ಹೊರಟವನು ಗಾಂಧಿ ಬಜಾರಿನಿಂದ ಒಳದಾರಿಯಲ್ಲಿ ನಡೆದು ಬರುತ್ತಿದ್ದೆ. ನಮ್ಮ ಓಣಿ ದಾಟಿ ಎರಡನೆಯ ತಿರುವಿನಲ್ಲಿ ಹಳೆಯ ಹೆಂಚಿನ ಮನೆಯೊಂದಿದೆ. ಅದರ ಕಲ್ಲಿನ ಜಗಲಿಯ ಮೇಲೆ ಅಮ್ಮ ಕುಳಿತಿದ್ದಳು. ಚೀಲ ಪಕ್ಕದಲ್ಲಿರಲಿಲ್ಲ. ಬಲಗಾಲನ್ನು ನೀಳವಾಗಿ ಚಾಚಿ, ಕಣ್ಣು ಮುಚ್ಚಿದ್ದಳು. ನಾನು ಕರೆಯಬೇಕೆನ್ನುವಷ್ಟರಲ್ಲಿ ಗುಡಿಯ ಕಡೆಯಿಂದ ಹೂ ಮಾರುವ ಹೆಂಗಸು ಬಂದು, ಚೀಲವನ್ನು ಅವಳ ಮಡಿಲಲ್ಲಿಟ್ಟು, ಪಕ್ಕದಲ್ಲಿ ಕುಳಿತಳು. ಆಕೆ ಕೈಯಾಡಿಸುತ್ತಾ ಏನನ್ನೋ ವಿವರಿಸುತ್ತಿದ್ದಳು. ಅಮ್ಮ ಪರೀಕ್ಷೆಗೆ ಓದುವ ಹುಡುಗಿಯಂತೆ ತಲೆಯಾಡಿಸುತ್ತಿದ್ದಳು. ನಾನು ಬಂದ ದಾರಿಯಲ್ಲೇ ಹಿಂದಿರುಗಿ, ಸುತ್ತು ಹಾಕಿ ಮನೆ ಸೇರಿದೆ.

ಅರ್ಧ ಗಂಟೆಯ ಮೇಲೆ ಅಮ್ಮ ಬಂದು ಪ್ರಸಾದ ಕೊಟ್ಟಳು. "ಇವತ್ತು ಬೆಣ್ಣೆ ಅಲಂಕಾರ. ಕಣ್ಣು ತುಂಬೋ ಹಾಗಿತ್ತು" ಎಂದಳು. ನನಗೆ ಪ್ರಸಾದ ಗಂಟಲಲ್ಲಿ ಇಳಿಯಲಿಲ್ಲ.

ಮುಪ್ಪು ಬರುವ ಮೊದಲೇ ದೇವರನ್ನು ಪೂಜಿಸಬೇಕೆನ್ನುವ ಬಸವಣ್ಣನವರ ವಚನವೊಂದನ್ನು ಹಲವು ವರ್ಷಗಳಿಂದ ಪಾಠ ಹೇಳಿದ್ದೇನೆ. ಬಿದ್ದ ಹಲ್ಲು, ಬಾಗಿದ ಬೆನ್ನು, ಕೈಗೆ ಬಂದ ಕೋಲು ಎಲ್ಲವೂ ಅದರಲ್ಲಿವೆ. ಅವುಗಳ ನಡುವೆಯೇ ಪರರ ಹಂಗಿಗೆ ಬೀಳುವ ಮಾತೂ ಇದೆ. ಕೋಲಿನ ಚಿತ್ರವನ್ನು ಸವಿಸ್ತಾರವಾಗಿ ಬಣ್ಣಿಸಿ, ಹಂಗೆಂಬುದಕ್ಕೆ ಒಂದು ಪದದ ಅರ್ಥ ಬರೆಯಿಸಿ ಮುಂದೆ ಹೋಗುತ್ತಿದ್ದೆ. ಅಂದು ರಾತ್ರಿ ನಿದ್ದೆ ಬಾರದೆ ಲೆಕ್ಕ ಹಾಕಿದೆ: ಅಮ್ಮ ಎಷ್ಟು ಸಲ ನೋವೆಂದಿದ್ದಳೋ ಅಷ್ಟು ಸಲವೂ ಅವಳ ಕೈಯಿಂದ ಒಂದೊಂದನ್ನು ಕಿತ್ತುಕೊಂಡಿದ್ದೇನೆ. ಉಳಿದಿದ್ದುದು ಶನಿವಾರವೊಂದು. ಅದನ್ನು ಉಳಿಸಿಕೊಳ್ಳಲು ಅವಳು ಸುಳ್ಳು ಹೇಳಿದಳು.

ಸೋಮವಾರ ಮೂಳೆ ವೈದ್ಯರಲ್ಲಿಗೆ ಕರೆದುಕೊಂಡು ಹೋದೆ. ಅಂಗಡಿಯಿಂದ ತರಿಸಿ ದಿನವೂ ನುಂಗುತ್ತಿದ್ದ ನೋವಿನ ಮಾತ್ರೆಗಳ ಸಂಗತಿ ಆಗ ಹೊರಬಿತ್ತು. ಹೊಟ್ಟೆಗೂ ಮೂತ್ರಪಿಂಡಕ್ಕೂ ಅವು ಕೇಡೆಂದು ವೈದ್ಯರು ಗದರಿದರು. ಆಮೇಲೆ ಅವರು ಹೇಳಿದ ಮಾತು ನನಗೆ ಹೊಸದು. ಮೂಳೆಗಳ ತುದಿಗೆ ಹೊದಿಸಿದಂತಿರುವ ಮೃದ್ವಸ್ಥಿಗೆ ತನ್ನದೇ ಆದ ರಕ್ತನಾಳಗಳಿಲ್ಲ. ಕೀಲಿನೊಳಗಿನ ದ್ರವವೇ ಅದಕ್ಕೆ ಆಹಾರ. ನಡೆಯುವಾಗ ಒತ್ತಿ ಬಿಟ್ಟು, ಒತ್ತಿ ಬಿಟ್ಟು, ಅದು ಆ ದ್ರವವನ್ನು ಹೀರಿಕೊಳ್ಳುತ್ತದೆ. ಸವೆದದ್ದು ಮರಳಿ ಬಾರದು. ಆದರೆ ನಡೆಯದೆ ಕುಳಿತರೆ ತೊಡೆಯ ಸ್ನಾಯು ಸೊರಗಿ, ಮಂಡಿಯ ಮೇಲಿನ ಹೊರೆ ಇನ್ನೂ ಹೆಚ್ಚುತ್ತದೆ.

ಅಮ್ಮ ನಕ್ಕಳು. "ಇವರಪ್ಪ ಇದ್ದಿದ್ದರೆ ಎಣ್ಣೆ ಬಿಡ್ತಿದ್ದರು" ಎಂದಳು. ನಮ್ಮ ತಂದೆ 1923ರಲ್ಲಿ ಕುಲುಮೆ ಹೊತ್ತಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಯಂತ್ರಗಳ ದುರಸ್ತಿಯ ಕೆಲಸದಲ್ಲಿದ್ದವರು. ನಿಂತ ಯಂತ್ರ ಬೇಗ ತುಕ್ಕು ಹಿಡಿಯುತ್ತದೆಂದು ಅವರು ಹೇಳುತ್ತಿದ್ದುದು ಭದ್ರಾವತಿಯ ಕ್ವಾರ್ಟರ್ಸಿನಲ್ಲಿ ಬೆಳೆದ ನನಗೆ ನೆನಪಿರಬೇಕಾಗಿತ್ತು. ಅದೇ ಕ್ವಾರ್ಟರ್ಸಿನಲ್ಲಿ ಅಮ್ಮ ಎಷ್ಟೋ ವರ್ಷ ಕುಕ್ಕರುಗಾಲಿನಲ್ಲಿ ಕುಳಿತು ಬಟ್ಟೆ ಒಗೆದಳು, ರುಬ್ಬಿದಳು. ಆ ಕೀಲುಗಳ ದುರಸ್ತಿ ಯಾರ ಪಾಳಿಯಲ್ಲೂ ಇರಲಿಲ್ಲ.

ಕೀಲು ಬದಲಿಸುವ ಶಸ್ತ್ರಚಿಕಿತ್ಸೆಯ ಮಾತೂ ಬಂತು. ನಿರ್ಧಾರವನ್ನು ಅಮ್ಮನಿಗೆ ಬಿಟ್ಟೆ; "ಮುಂದಿನ ಜಾತ್ರೆ ಆಗಲಿ" ಎಂದಳು. ಕುರ್ಚಿಯಲ್ಲಿ ಕುಳಿತು ಕಾಲನ್ನು ನೇರವಾಗಿ ಚಾಚಿ ಹಿಡಿಯುವ ವ್ಯಾಯಾಮವನ್ನು ವೈದ್ಯರು ಕಲಿಸಿಕೊಟ್ಟರು. ಕೋಲನ್ನಂತೂ ಇಷ್ಟು ದಿನ ತಪ್ಪು ಕೈಯಲ್ಲಿ ಹಿಡಿದಿದ್ದಳಂತೆ. ನೋವು ಬಲಮಂಡಿಯಲ್ಲಿದ್ದರೆ ಕೋಲು ಎಡಗೈಯಲ್ಲಿರಬೇಕು. ಬಲಗಾಲು ಮುಂದಿಡುವಾಗ ಕೋಲೂ ಮುಂದೆ ಬರಬೇಕು. ಬಚ್ಚಲ ಗೋಡೆಗೆ, ಆ ಜಿಡ್ಡಿನ ಗೆರೆಯ ಎತ್ತರಕ್ಕೇ, ಒಂದು ಹಿಡಿಕೆ ಹಾಕಿಸಿದೆ. ಅಳತೆ ತೆಗೆಯುವ ಶ್ರಮವೇ ಇರಲಿಲ್ಲ.

ಮುಂದಿನ ಶನಿವಾರ, "ನಾನೂ ಬರ್ತೀನಿ ಅಮ್ಮ" ಎಂದೆ. ಅವಳ ಮುಖ ಸಪ್ಪಗಾಯಿತು. "ನೀನ್ಯಾಕೋ? ನಿನ್ನ ಕೆಲಸ ನೋಡ್ಕೊ." ಆದರೂ ಹೊರಟೆವು. ಎರಡನೆಯ ತಿರುವಿನಲ್ಲಿ ನಾನೇ ಜಗಲಿಯ ಮೇಲೆ ಕುಳಿತು, ಸ್ವಲ್ಪ ಸುಧಾರಿಸಿಕೊಳ್ಳೋಣವೆಂದೆ. ಒಳಗಿನಿಂದ ಮನೆಯ ಯಜಮಾನಿತಿ ನೀರಿನ ಲೋಟ ಹಿಡಿದು ಬಂದು, "ಇವತ್ತು ತಡ ಆಯ್ತಲ್ಲ ಅಮ್ಮ, ಹೂವಿನವಳು ಆಗಲೇ ಹೋದಳು" ಎಂದರು. ಅಮ್ಮ ನನ್ನ ಮುಖ ನೋಡಿದಳು. ನಾನು ನೀರು ಕುಡಿದೆ.

"ಗೊತ್ತಿತ್ತೇನೋ?"

"ಬೆಣ್ಣೆ ಅಲಂಕಾರದ ದಿನ ಗೊತ್ತಾಯ್ತು."

ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೋಲನ್ನು ಎಡಗೈಗೆ ಬದಲಿಸಿಕೊಂಡು ಎದ್ದಳು. ಇನ್ನೆರಡು ಕಡೆ ನಿಂತು ಗುಡಿ ಮುಟ್ಟಿದಾಗ, ನೀರು ಕುಡಿದದ್ದೂ ಸೇರಿ, ಮೂವತ್ತೊಂದು ನಿಮಿಷವಾಗಿತ್ತು. ಅಂದು ವಿಶೇಷ ಅಲಂಕಾರವೇನೂ ಇರಲಿಲ್ಲ. ಒಂದೆಳೆ ತುಳಸಿಯ ಹಾರ. ಅಮ್ಮ ಅದನ್ನೇ ನೋಡುತ್ತಾ ಎಷ್ಟೋ ಹೊತ್ತು ನಿಂತಳು. ಹೊರಬಂದು, ಹೂವಿನವಳಿಂದ ಒಂದು ಮೊಳ ಮಲ್ಲಿಗೆ ಕೊಂಡು, ನನ್ನ ಕಡೆ ತಿರುಗಿದಳು.

"ಮುಂದಿನ ವಾರ ನೀನು ಬರಬೇಡ. ಆಗದಿದ್ದರೆ ಜಗಲಿ ಇದೆಯಲ್ಲ. ಎಲ್ಲೀವರೆಗೆ ಹೋದೆ ಅಂತ ಮನೆಗೆ ಬಂದು ಹೇಳ್ತೀನಿ."